ಹನ್ನೊಂದನೆಯ ಮೈಲಿ

ಮುಳ್ಳುತಂತಿಗೆ ವಯಸ್ಸಾದರೆ ಮುಪ್ಪು ಬರುವುದಿಲ್ಲ,
ಸಿಟ್ಟು ಬರುತ್ತದೆ.
ಮೊಳೆ ಕಿತ್ತ ಕೂಡಲೆ ಸರ್ರನೆ ಸುರುಳಿ ಸುತ್ತಿ
ಮೊಣಕೈಗೆ ಹಾಯುತ್ತದೆ, ಗೂಳಿಯ ಹಾಗೆ.
ಅದಕ್ಕೇ ಡೊರೀನ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳುತ್ತಾಳೆ:
ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತು?
ಕೈಗವಸು ತೋರಿಸಿ.
ಎಪ್ಪತ್ತೆರಡರ ಆರ್ಲೋ ಎರಡೂ ಕೈ ಚಾಚುತ್ತಾನೆ,
ಉಗುರು ತೋರಿಸುವ ಶಾಲೆ ಹುಡುಗನಂತೆ.

ನಾವು ಒಂಬತ್ತು ಮಂದಿ. ಸಂಬಳವಿಲ್ಲ.
ಮಧ್ಯಾಹ್ನಕ್ಕೆ ಡಬ್ಬಿಯ ಬೀನ್ಸು, ಬ್ರೆಡ್ಡು, ಬೆಳಗಿನದೇ ಕಾಫಿ.
ಆರೆಗನ್ನಿನ ಈ ಎತ್ತರದ ಒಣ ಬಯಲಲ್ಲಿ
ಜೂನಿನಲ್ಲೂ ಮುಂಜಾನೆ ಬಾಟಲಿಯ ನೀರು ಹೆಪ್ಪುಗಟ್ಟಿರುತ್ತದೆ.
ಗಾಳಿಗೆ ಸೇಜ್ ಪೊದೆಯ ಘಾಟು,
ಉಳಿದದ್ದೆಲ್ಲ ಆಕಾಶ.

ಈ ಬೇಲಿ ಈಗ ಯಾರಿಗೂ ಬೇಡ.
ಕುರಿಗಳು ಹೋಗಿ ನಲವತ್ತು ವರ್ಷ, ಕುರಿಯವರೂ ಹೋದರು,
ವನ್ಯಧಾಮವೆಂದು ಫಲಕ ಬಂತು, ಮೇಲೊಂದು ಹಕ್ಕಿಯ ಚಿತ್ರ.
ತಂತಿ ಮಾತ್ರ, ತನಗೆ ಯಾರೂ ಹೇಳಲಿಲ್ಲವೆಂದು,
ಕಾವಲು ಕಾಯುತ್ತಲೇ ಇತ್ತು.

ಪ್ರಾಂಗ್‌ಹಾರ್ನ್ ಎಂಬ ಪ್ರಾಣಿ
ಕಾರಿನ ಜೊತೆ ಪಂದ್ಯ ಕಟ್ಟಿ ಓಡುತ್ತದೆ,
ಎಂದೋ ಅಳಿದುಹೋದ ಯಾವುದೋ ಬೇಟೆಮೃಗ
ಇನ್ನೂ ಬೆನ್ನಿಗಿದೆ ಎಂಬಂತೆ.
ಆದರೆ ಸೊಂಟದೆತ್ತರದ ತಂತಿ ಕಂಡರೆ ನಿಂತುಬಿಡುತ್ತದೆ.
ಹಾರುವುದು ಅದರ ವಂಶದಲ್ಲಿಲ್ಲ.
ಹೊಟ್ಟೆಯನ್ನು ನೆಲಕ್ಕೊತ್ತಿ ಅಡಿಯಿಂದ ತೆವಳುತ್ತದೆ.
ಕೆಳತಂತಿಯ ಮುಳ್ಳುಮುಳ್ಳಿಗೂ ಒಂದೊಂದು ಜುಂಜು:
ಬಿಳಿ ಕೂದಲು, ಕಂದು ಕೂದಲು, ಒಂದೆಡೆ ಒಣಗಿದ ತೊಗಲು.
ಒಂದೆಡೆ ಇಡೀ ಕಾಲು.
ಅದರ ಫೋಟೊ ಯಾರೂ ತೆಗೆಯಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದದ್ದು ಕೇಳಿದ್ದೇವೆ.
ಹೊಲವೇ ಇಲ್ಲದ ಬೇಲಿ ಏನು ಮೇಯುತ್ತದೆ?
ಇದನ್ನು.

ಹನ್ನೊಂದನೆಯ ಮೈಲಿಯ ಮೂಲೆಗೂಟದಲ್ಲಿ
ಚಾಕುವಿನಿಂದ ಕೊರೆದ ಎರಡಕ್ಷರ ಸಿಕ್ಕಿದ್ದು ಮೂರನೆಯ ದಿನ.
ಜುನಿಪರ್ ಮರ, ಕಲ್ಲಿನಷ್ಟು ಗಟ್ಟಿ.
ಬಿ. ಯು.
ಬೆನ್ಯಾತ್ ಉರಿಯಾರ್ತೆ. ಬಾಸ್ಕ್ ನಾಡಿನಿಂದ ಹತ್ತೊಂಬತ್ತಕ್ಕೆ ಬಂದು,
ಇಂಗ್ಲಿಷಿನಲ್ಲಿ ತಾನು ಮೊದಲು ಕಲಿತ ಮಾತು 'ವೈರ್' ಎಂದು
ಸಾಯುವವರೆಗೂ ನಗಿಸುತ್ತಿದ್ದವನು. ನನ್ನಜ್ಜ.
ಅವನ ಕೈಯ ಗಾಯದ ಗೆರೆ ಎಣಿಸುತ್ತ ನಾನು ಅಂಕಿ ಕಲಿತದ್ದು,
ಹದಿನೇಳರವರೆಗೆ.

ಯಾರಿಗೂ ಹೇಳಲಿಲ್ಲ. ಅರ್ಜಿಯಲ್ಲಿ, ಬರಲು ಕಾರಣವೇನು ಎಂಬಲ್ಲಿ,
'ಬಯಲಲ್ಲಿರುವುದು ಇಷ್ಟ' ಎಂದು ಬರೆದಿದ್ದೆ.
ಸುತ್ತಿಗೆಯ ಕೊಕ್ಕೆಯನ್ನು ಮೊಳೆಗೆ ಕೊಟ್ಟು ಒತ್ತಿದೆ.
ಬರಲಿಲ್ಲ. ಅಜ್ಜ ಹೊಡೆದ ಮೊಳೆ. ಮೈಭಾರವೆಲ್ಲ ಹಾಕಿದೆ.
ಒಂದು ಕೀರಲು ಸದ್ದು, ಆಮೇಲೆ ಸಲೀಸು,
ಅಲುಗಿದ ಹಾಲುಹಲ್ಲು ಬಂದಷ್ಟು ಸಲೀಸು.
ಕಾಫಿಡಬ್ಬಿಗೆ ಟಣ್ಣೆಂದು ಬಿತ್ತು.
ಎಣಿಸಿ ಹಾಕಬೇಕು. ಹುಲ್ಲಿನಲ್ಲಿ ಒಂದು ಉಳಿದರೂ
ಯಾರದೋ ಹೊಟ್ಟೆ ಸೇರುತ್ತದೆ.
ಅಜ್ಜ ಹೊಡೆದದ್ದು ಹೊಟ್ಟೆಪಾಡಿಗೆ. ನಾನು ಕೀಳುತ್ತಿರುವುದು
ಯಾವುದರ ಪಾಡಿಗೋ ತಿಳಿಯದು.
ಬೆನ್ನುನೋವಂತೂ ಒಂದೇ.

ಸಂಜೆ ಐದು ಪ್ರಾಂಗ್‌ಹಾರ್ನ್ ಬಂದವು.
ತಂತಿಯಿಲ್ಲದ ಗೆರೆಯವರೆಗೂ ಬಂದು, ನಿಂತವು.
ಮೂಸಿದವು. ಗೆರೆಯುದ್ದಕ್ಕೂ ಹೋದವು, ತಿರುಗಿ ಬಂದವು.
ದುರ್ಬೀನು ಕೈಯಿಂದ ಕೈಗೆ ದಾಟುತ್ತಿತ್ತು.
'ಹೋಗೇ ತಾಯಿ, ಹೋಗೇ' ಎಂದು ಆರ್ಲೋ ಪಿಸುಗುಟ್ಟಿದ.
ಹೋಗಲಿಲ್ಲ. ಕತ್ತಲಾಯಿತು.

ಕಲಿಯುತ್ತವೆ, ಎಂದಳು ಡೊರೀನ್,
ಎಷ್ಟು ಗಂಟೆ ದುಡಿದೆವೆಂಬ ಪಟ್ಟಿಗೆ ಸಹಿ ಹಾಕಿಸಿಕೊಳ್ಳುತ್ತ,
ಎರಡು ವರ್ಷ ಹಿಡಿದೀತು, ಮೂರು ಹಿಡಿದೀತು.
ಆ ಮೂಲೆಗೂಟ ಬಿಡಬಹುದೇ, ಎಂದೆ. ಗಿಡುಗ ಕೂರಲಿಕ್ಕೆ.
ಅವಳು ಗೂಟದ ಕಡೆ ನೋಡಿದಳು, ನನ್ನ ಸಹಿ ನೋಡಿದಳು.
'ಗಿಡುಗ ಕೂರಲಿಕ್ಕೆ' ಎಂದು ಬರೆದುಕೊಂಡಳು.

ಗುಡಾರಕ್ಕೆ ನಡೆಯುವಾಗ, ಗೆರೆ ಬಂದಲ್ಲಿ,
ನನ್ನ ಕಾಲು ತಾನಾಗಿ ಮೇಲೆದ್ದಿತು
ಇಲ್ಲದ ತಂತಿ ದಾಟಲು.
ಹಿಂದೆ ಬರುತ್ತಿದ್ದ ಆರ್ಲೋನ ಕಾಲೂ.